ಮೂರು ಕಾಲಿನ ಮೇಲೆ ನಿಂತ ಅಣುಗಳು

ಹನ್ನೊಂದು ಅಣುಗಳನ್ನು ತಿರುಗಿಸಿ ನೆಟ್ಟಗೆ ನಿಲ್ಲಿಸಬೇಕು. ನನಗೆ ಒಪ್ಪಿಸಿದ ಕೆಲಸ ಇಷ್ಟೇ. ಕಂಪ್ಯೂಟರಿನ ಪರದೆಯ ಮೇಲೆ ಅವು ಬಣ್ಣದ ಗುಂಡುಗಳು, ಗುಂಡುಗಳ ನಡುವೆ ಕಡ್ಡಿಗಳು. ನಿಲ್ಲಿಸಿ ಕಳಿಸಿದರೆ ಹುಬ್ಬಳ್ಳಿಯ ಒಂದು ಪ್ರಯೋಗಾಲಯದ ಯಂತ್ರ ಅವನ್ನು ಪ್ಲಾಸ್ಟಿಕ್ಕಿನಲ್ಲಿ ಪದರದ ಮೇಲೆ ಪದರ ಹಾಕಿ ಕಟ್ಟಿ, ಕೈಯಲ್ಲಿ ಹಿಡಿಯುವ ಹಾಗೆ ಮಾಡಿಕೊಡುತ್ತದೆ. ಆ ಯಂತ್ರ ನಮಗೆ ಸಿಗುತ್ತಿದ್ದುದು ಎರಡು ದಿನ ಮಾತ್ರ.

ಕೆಲಸ ಹೇಳಿದವಳು ಯಲ್ಲಾಪುರದಲ್ಲಿ ರಸಾಯನಶಾಸ್ತ್ರ ಕಲಿಸುವ ನನ್ನ ಗೆಳತಿ. ಶಿರಸಿಯಲ್ಲಿ ಪಿಯುಸಿ ಓದುವಾಗ ಇಬ್ಬರೂ ಒಂದೇ ಬೆಂಚಿನವರು. ಅವಳ ತರಗತಿಗೆ ಆ ವರ್ಷ ಕಣ್ಣು ಕಾಣದ ಒಬ್ಬ ಹುಡುಗಿ ಬಿ.ಎಸ್ಸಿ.ಗೆ ಸೇರಿದ್ದಳು. ತಂದೆ ಯಲ್ಲಾಪುರದಲ್ಲಿ ಟೆಂಪೋ ಓಡಿಸುತ್ತಾರೆ. ಪಿಯುಸಿ ಮುಗಿಯುವ ಹೊತ್ತಿಗೆ ಕಾಯಿಲೆಯಿಂದ ಹುಡುಗಿಯ ದೃಷ್ಟಿ ಪೂರ್ತಿ ಹೋಯಿತು. ಒಂದು ವರ್ಷ ಬ್ರೈಲ್ ಕಲಿತು ಮತ್ತೆ ವಿಜ್ಞಾನವೇ ಬೇಕೆಂದು ಹಟ ಹಿಡಿದು ಬಂದಿದ್ದಳು. ಮನೆಯವರಿಗೆ ಧೈರ್ಯವಿರಲಿಲ್ಲ. ಮೊದಲ ಸೆಮಿಸ್ಟರಿನ ವೈವಾ ನೋಡೋಣ, ಅಣುಗಳ ಆಕಾರದ ಪಾಠ ಅವಳಿಗೆ ಒಗ್ಗದಿದ್ದರೆ ಬಿ.ಎ.ಗೆ ಹಾಕಿಬಿಡೋಣ ಎಂದು ತೀರ್ಮಾನವಾಗಿತ್ತು. ಹುಡುಗಿಯೂ ಒಪ್ಪಿದ್ದಳು.

"ನಿಂಗೆ ಕಂಪ್ಯೂಟರ್ ಬರ್ತದೆ. ಕೆಮಿಸ್ಟ್ರಿ ಒಂಚೂರಾದ್ರೂ ತಲೆಲಿ ಉಳ್ಕೊಂಡಿದ್ದಿರ್ತದೆ. ಬೇರೆ ಯಾರಿಗೆ ಹೇಳ್ಲಿ ಮಾರಾಯ್ತಿ?" ಎಂದಳು ಗೆಳತಿ ಫೋನಿನಲ್ಲಿ.

ದಾಸನಕೊಪ್ಪದಲ್ಲಿ ನಮ್ಮ ಯಜಮಾನರದ್ದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಅಲ್ಲಿಯ ಹಳೆಯ ಕಂಪ್ಯೂಟರನ್ನು ಅವರೇ ತಂದು ಪಡಸಾಲೆಯಲ್ಲಿ ಜೋಡಿಸಿದರು. "ಮಾಡು. ಗ್ವಾಡಿ ನೋಡ್ಕೋತ ಕೂಡೋದಕ್ಕಿಂತ ಗುಂಡು ನೋಡ್ಕೋತ ಕೂಡು" ಎಂದರು.

ಅವರು ಹಾಗೆ ಹೇಳಲು ಕಾರಣವಿತ್ತು. ನನ್ನ ಹೊಟ್ಟೆಯಲ್ಲಿದ್ದ ಏಳು ತಿಂಗಳ ಮಗು ಹೋಗಿ ಆಗ ಐದು ತಿಂಗಳು. ಅತ್ತು ಮುಗಿದಿತ್ತು. ಆಮೇಲೆ ಬಂದದ್ದಕ್ಕೆ ದುಃಖ ಎನ್ನಲೂ ಆಗದು. ಹಲ್ಲು ಕೀಳುವ ಮುಂಚೆ ಸೂಜಿ ಕೊಟ್ಟ ದವಡೆಯ ಹಾಗೆ. ಅಲ್ಲೇ ಇದೆ ಎಂದು ಗೊತ್ತು, ಮುಟ್ಟಿದರೆ ತಿಳಿಯುವುದಿಲ್ಲ. ಬೆಳಿಗ್ಗೆ ಲಿಂಗಪೂಜೆ ತಪ್ಪಿಸಲಿಲ್ಲ. ಪೂಜೆ ಮುಗಿದ ಮೇಲೆ ಹಿಂದಿನ ದಿನ ಶಿವ ಮಾಡಿದ ಮೂರು ಉಪಕಾರ ಎಣಿಸುವುದು ತಾಯಿ ಹಾಕಿಕೊಟ್ಟ ರೂಢಿ. ಅದನ್ನೂ ಬಿಡಲಿಲ್ಲ. ಹಾಲು ಒಡೆಯಲಿಲ್ಲ, ಒಂದು. ಅತ್ತೆಯ ಮೊಣಕಾಲು ನೋವು ಕಡಿಮೆ, ಎರಡು. ಕರೆಂಟ್ ಹೋಗಲಿಲ್ಲ, ಮೂರು. ಎಣಿಕೆ ಸರಿಯಾಗಿಯೇ ಬರುತ್ತಿತ್ತು.

ಮೊದಲ ವಾರ ಇಲಿ ಹಿಡಿಯುವುದನ್ನು ಕಲಿಯುವುದರಲ್ಲೇ ಹೋಯಿತು. ಮೌಸಿಗೆ ಅತ್ತೆ ಇಟ್ಟ ಹೆಸರು ಅದು. ಒಂದೇ ಗುಂಡನ್ನು ಹಿಡಿದು ಎಳೆದರೆ ಅದೊಂದೇ ಬರುತ್ತದೆ, ಕಡ್ಡಿ ಗೋಂದಿನ ಎಳೆಯಂತೆ ಉದ್ದವಾಗುತ್ತದೆ, ಅಣು ಹಾಳು. ಆದ್ದರಿಂದ ಮೊದಲು ಎಲ್ಲ ಗುಂಡುಗಳನ್ನೂ ಒಟ್ಟಿಗೆ ಆಯ್ಕೆ ಮಾಡಬೇಕು, ಆಮೇಲೆ ಸರಿಸಬೇಕು. ಅಣುವನ್ನು ಪರದೆಯ ನಟ್ಟನಡುವೆ ತಂದುಕೊಂಡು ತಿರುಗಿಸಿದರೆ ಇದ್ದಲ್ಲೇ ತಿರುಗುತ್ತದೆ. ಹಾಗೆ ಮಾಡದಿದ್ದರೆ ಗಾಣದ ಎತ್ತಿನಂತೆ ದೂರದಲ್ಲಿ ಸುತ್ತು ಹಾಕುತ್ತಾ ಪರದೆಯಿಂದಲೇ ಆಚೆ ಹೋಗುತ್ತದೆ.

"ಏನವ್ವಾ ಇದು? ಬುಂದಿ ಉಂಡಿ ಕಟ್ಟಾಕ ಬರಲಾರದೇ ಬಿಟ್ಟಂಗ ಐತಿ" ಎಂದು ಅತ್ತೆ ಹಿಂದೆ ನಿಂತು ನೋಡಿದರು.

"ಇದು ಲ್ಯಾಕ್ಟಿಕ್ ಆಮ್ಲ ರೀ ಅತ್ತಿ. ಮೊಸರಿನ್ಯಾಗಿನ ಹುಳಿ."

"ಮೊಸರು ನಮ್ಮ ಮನ್ಯಾಗ ಐತಿ. ಅದರಾಗ ಇಷ್ಟ ದೊಡ್ಡ ಗುಂಡು ನಾ ಕಂಡಿಲ್ಲ."

ಗೆಳತಿಯ ಸೂಚನೆ ಒಂದೇ. "ಟೇಬಲ್ ಮೇಲಿಟ್ರೆ ಅಲ್ಲಾಡಬಾರ್ದು. ಹುಡುಗಿ ಕೈಗೆ ಸಿಕ್ಕಿದ್ದು ಉರುಳಿ ಹೋದ್ರೆ ಅವಳು ಮತ್ತೆ ಹುಡುಕ್ತಾ ಕೂರ್ಬೇಕು." ಯಾವ ಗುಂಡು ಮೇಲೆ, ಯಾವುದು ಕೆಳಗೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ನಮ್ಮ ಪ್ರತಿ ಅಣುವಿನ ನಡುವೆ ಒಂದು ಕಾರ್ಬನ್, ಅದಕ್ಕೆ ನಾಲ್ಕು ದಿಕ್ಕಿನಲ್ಲಿ ನಾಲ್ಕು ಬೇರೆ ಬೇರೆ ಗುಂಪು, ಅವುಗಳಲ್ಲಿ ಅತಿ ಚಿಕ್ಕದು ಹೈಡ್ರೋಜನ್ನಿನ ಒಂಟಿ ಗುಂಡು. ಚಿಕ್ಕದನ್ನು ಮೇಲಕ್ಕೆ ಮಾಡಿ ಉಳಿದ ಮೂರನ್ನು ಕಾಲಿನಂತೆ ಕೆಳಗೆ ಊರಿಸಿದೆ. ಮೂರು ಕಾಲಿನ ಮೇಲೆ ಇಟ್ಟದ್ದು ಅಲ್ಲಾಡುವುದಿಲ್ಲ ಎಂಬುದನ್ನು ಅಡುಗೆಮನೆಯ ಹೆಂಗಸಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಮನೆಯಲ್ಲಿ ಇಂದಿಗೂ ಊಟದ ಗಂಗಾಳ ಇಡುವುದು ಮೂರು ಕಾಲಿನ ಅಡ್ಡಣಿಗೆಯ ಮೇಲೆಯೇ.

ಹನ್ನೊಂದನ್ನೂ ನಿಲ್ಲಿಸಿ ಕಳಿಸಿದೆ. ಯಂತ್ರದ ಮೊದಲ ದಿನ ಮಧ್ಯಾಹ್ನ ಗೆಳತಿಯ ಫೋನ್ ಬಂತು.

"ಫೋಟೋ ಕಳ್ಸಿದ್ದೆ, ನೋಡಿದ್ಯಾ? ಎಂತ ಮಾಡಿಟ್ಟಿದ್ಯೇ ನೀನು?"

ಫೋಟೋದಲ್ಲಿ ಅಣುಗಳಿರಲಿಲ್ಲ. ಬಿಳಿ ಎಳೆಗಳ ಗುಪ್ಪೆಯಿತ್ತು. ಅತ್ತೆ ನೋಡಿ, "ಶ್ಯಾವಿಗಿ ಭಾಳ ಮೆತ್ತಗ ಬೆಂದಾವ" ಎಂದರು.

"ನಿಲ್ಲಿಸೇ ಕಳಿಸೇನಿ, ಕಣ್ಣಾರೆ ನೋಡೇನಿ" ಎಂದೆ.

"ನಿನ್ನ ಕಣ್ಣಿಗೆ ನಿಂತಿದ್ದು. ಮಷಿನ್ನಿಗೆ ಎಲ್ಲಾ ಅಡ್ಡಡ್ಡ ಮಲ್ಗಿತ್ತಂತೆ. ಗಾಳಿಲಿ ತೇಲ್ತಾ ಇದ್ದಿದ್ದರ ಮೇಲೆ ಅದು ಪ್ಲಾಸ್ಟಿಕ್ ಸುರೀತಾ ಹೋಗಿದೆ."

ಒಂದು ದಿನ ಹೋಯಿತು. ಸಿಟ್ಟು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಸಾಫ್ಟ್‌ವೇರಿನ ಸಹಾಯದ ಪುಟಗಳನ್ನು ಒಂದೊಂದಾಗಿ ಓದುತ್ತಾ ಕುಳಿತೆ. ತಪ್ಪು ಸಿಕ್ಕಿತು. ತಿರುಗಿಸಲು ಅದರಲ್ಲಿ ಎರಡು ಗುಂಡಿಗಳಿವೆ. ಒಂದು ನೋಟವನ್ನು ತಿರುಗಿಸುತ್ತದೆ, ಇನ್ನೊಂದು ಅಣುವನ್ನೇ ತಿರುಗಿಸುತ್ತದೆ. ನಾನು ಅಷ್ಟು ದಿನ ತಿರುಗಿಸಿದ್ದು ನೋಟವನ್ನು. ನಾವು ಗರ್ಭಗುಡಿಯ ಸುತ್ತ ಪ್ರದಕ್ಷಿಣೆ ಹಾಕಿದರೆ ಹಿಂದಿನ ಗೋಡೆ ಕಾಣಿಸುತ್ತದೆ, ಪಕ್ಕದ ಗೋಡೆ ಕಾಣಿಸುತ್ತದೆ. ಹಾಗೆಂದು ಒಳಗಿನ ಮೂರ್ತಿ ತಿರುಗಿತೇ? ಅಣುಗಳು ಇದ್ದ ಹಾಗೆಯೇ ಇದ್ದವು. ಸುತ್ತಿದ್ದವಳು ನಾನು.

ಉಳಿದದ್ದು ಒಂದೇ ದಿನ. ಆ ಬೆಳಿಗ್ಗೆ ಐದಕ್ಕೆದ್ದು ಪೂಜೆ ಮುಗಿಸಿ ಕುಳಿತೆ. ಈ ಸಲ ಎಲ್ಲ ಗುಂಡುಗಳನ್ನೂ ಆಯ್ಕೆ ಮಾಡಿ, ಸರಿಯಾದ ಗುಂಡಿ ಒತ್ತಿ, ಅಣುಗಳನ್ನೇ ತಿರುಗಿಸಿದೆ. ನಡುವೆ ಬೆರಳು ಹೋಗುವಷ್ಟು ಜಾಗ ಬಿಟ್ಟು ಸಾಲಾಗಿ ಸರಿಸಿ ಇಟ್ಟೆ. ಕಡತ ಮುಚ್ಚಿ ಮತ್ತೆ ತೆರೆದರೆ ನಿಂತೇ ಇದ್ದವು.

ಕಳಿಸುವ ಮುಂಚೆ ಒಂದು ಪರೀಕ್ಷೆ ಬಾಕಿಯಿತ್ತು. ನಾಲ್ಕು ಬೇರೆ ಗುಂಪುಗಳಿರುವ ಇಂಥ ಅಣು ಎರಡು ರೂಪದಲ್ಲಿರುತ್ತದೆ. ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿ ಇದ್ದ ಹಾಗೆ: ಅಳತೆ ಒಂದೇ, ಎಷ್ಟು ತಿರುಗಿಸಿದರೂ ಒಂದು ಇನ್ನೊಂದಾಗದು. ಅವಕ್ಕೆ ಆರ್ ಮತ್ತು ಎಸ್ ಎಂದು ಹೆಸರು. ಗುರುತಿಸಲು ನಿಯಮವಿದೆ. ಚಿಕ್ಕ ಗುಂಡನ್ನು ನಮ್ಮಿಂದ ಆಚೆಗೆ ಮಾಡಿ, ಉಳಿದ ಮೂರನ್ನು ಗೊತ್ತಾದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಸುತ್ತಬೇಕು. ಗಡಿಯಾರದ ಮುಳ್ಳಿನಂತೆ ಬಲಕ್ಕೆ ಸುತ್ತಿದರೆ ಆರ್, ಎಡಕ್ಕೆ ಸುತ್ತಿದರೆ ಎಸ್. ಗೆಳತಿ ಕೊಟ್ಟ ಪಟ್ಟಿಯಲ್ಲಿ ಐದು ಜೋಡಿಗಳಿದ್ದವು, ಪ್ರತಿ ಜೋಡಿಯಲ್ಲೂ ಒಂದು ಆರ್, ಒಂದು ಎಸ್. ಹನ್ನೊಂದನೆಯದು ಜೋಡಿಯಿಲ್ಲದ ಅಲನಿನ್, ನಮ್ಮ ಮೈಯ ಪ್ರೋಟೀನಿನಲ್ಲಿ ಇರುವಂಥದ್ದು, ಅದು ಎಸ್.

ಮೊದಲ ಅಣುವನ್ನು ಮೇಲಿನಿಂದ ನೋಡಿದೆ. ಪಟ್ಟಿಯಲ್ಲಿ ಆರ್ ಎಂದಿತ್ತು, ಪರದೆಯಲ್ಲಿ ಎಡಕ್ಕೆ ಸುತ್ತುತ್ತಿತ್ತು. ಎರಡನೆಯದು ಎಸ್, ಬಲಕ್ಕೆ ಸುತ್ತುತ್ತಿತ್ತು. ಮೂರನೆಯದೂ ಉಲ್ಟಾ. ಹನ್ನೊಂದೂ ಉಲ್ಟಾ. ಯಾವುದೋ ತಪ್ಪು ಗುಂಡಿ ಒತ್ತಿ ನಾನೇ ಕೆಡಿಸಿರಬೇಕು ಎಂದುಕೊಂಡೆ. ಗೆಳತಿ ಕ್ಲಾಸಿನಲ್ಲಿದ್ದಳು, ಫೋನ್ ಎತ್ತಲಿಲ್ಲ. ಹತ್ತು ಗಂಟೆಗೆ ಹುಬ್ಬಳ್ಳಿಯಲ್ಲಿ ಯಂತ್ರ ಶುರುವಾಗುತ್ತಿತ್ತು. ಹುಡುಕಿದಾಗ ಅಣುವನ್ನು ಕನ್ನಡಿಯ ಬಿಂಬದಂತೆ ಬದಲಿಸುವ ಒಂದು ಆಜ್ಞೆ ಸಿಕ್ಕಿತು. ಒತ್ತಿದೆ. ಎಡಕ್ಕೆ ಸುತ್ತುತ್ತಿದ್ದದ್ದು ಬಲಕ್ಕೆ ಬಂತು. ಹನ್ನೊಂದಕ್ಕೂ ಒತ್ತಿದೆ, ಹನ್ನೊಂದೂ ಪಟ್ಟಿಗೆ ಹೊಂದಿದವು. ಒಂಬತ್ತೂವರೆಗೆ ಕಳಿಸಿದೆ. ಮರುದಿನ ಪೂಜೆಯ ನಂತರ ಎಣಿಸಿದ ಉಪಕಾರಗಳಲ್ಲಿ ಆ ಗುಂಡಿ ಸಿಕ್ಕಿದ್ದೂ ಒಂದು.

ಹನ್ನೊಂದೂ ತಪ್ಪಾಗಿ ಕಂಡರೆ ತಪ್ಪು ಹನ್ನೊಂದರಲ್ಲಿ ಇರುವುದಿಲ್ಲ, ನೋಡುವವಳಲ್ಲಿ ಇರುತ್ತದೆ. ಇದು ಈಗ ಹೊಳೆಯುತ್ತದೆ. ಆಗ ನನಗೆ ಏನೂ ಹೊಳೆಯುವ ಕಾಲವಾಗಿರಲಿಲ್ಲ.

ಮಾದರಿಗಳು ಚೆನ್ನಾಗಿ ಬಂದವು, ಎಲ್ಲವೂ ಬಿಳಿ, ಟೇಬಲ್ ಮೇಲೆ ಒಂದೂ ಅಲ್ಲಾಡಲಿಲ್ಲವಂತೆ. ಗೆಳತಿ ಅವನ್ನು ಹುಡುಗಿಗೆ ಕೊಟ್ಟಳು. ಗೆಳತಿ ಪಟ್ಟಿ ಓದಿ ಹೇಳಿದಂತೆ ಹುಡುಗಿ ಬ್ರೈಲ್ ಚೀಟಿ ಬರೆದು, ಗೆಳತಿ ಅದರಲ್ಲೇ ಪೆನ್ನಿನಿಂದಲೂ ಬರೆದ ಮೇಲೆ, ಒಂದೊಂದಕ್ಕೆ ದಾರದಿಂದ ಕಟ್ಟಿದಳು. ಎಂಟು ದಿನದ ಮೇಲೆ ಬೆಳಿಗ್ಗೆಯೇ ಮತ್ತೆ ಫೋನ್.

"ಒಂಚೂರು ಬಂದು ಹೋಗೇ. ಅವಳಿಗೆ ಎಲ್ಲಾ ತಪ್ತಾ ಇದೆ. ಗುಂಡುಗಳ ಗಾತ್ರ ಬೆರಳಿಗೆ ಗೊತ್ತಾಗ್ತಾ ಇಲ್ವೋ ಏನೋ. ವೈವಾಕ್ಕೆ ಇನ್ನು ಆರೇ ದಿನ."

ಆಗಲೇ ಹೊರಟು, ಶಿರಸಿಗೆ ಹೋಗಿ ಬಸ್ಸು ಬದಲಿಸಿ ಯಲ್ಲಾಪುರ ಮುಟ್ಟಿದಾಗ ಹನ್ನೊಂದೂವರೆ. ಹುಡುಗಿಯ ಮನೆಯಲ್ಲಿ ಅವಳ ಅಜ್ಜಿ ಚಹಾ ತಂದಿಟ್ಟರು. ಅವರನ್ನು ಹುಡುಗಿ ದಾದಿ ಎನ್ನುತ್ತಿದ್ದಳು. ಹುಡುಗಿ ಒಂದು ಮಾದರಿಯನ್ನು ಎತ್ತಿಕೊಂಡು, ಚಿಕ್ಕ ಗುಂಡನ್ನು ಕೊಡೆಯ ಹಿಡಿಯಂತೆ ಕೆಳಗೆ ಮಾಡಿ ಎಡಗೈಯಲ್ಲಿ ಹಿಡಿದಳು. ಬಲಗೈ ಬೆರಳು ಉಳಿದ ಮೂರರ ಮೇಲೆ ಸರಿದು ಹೋಯಿತು. ಗಾತ್ರದ ತೊಂದರೆ ಇರಲಿಲ್ಲ. ಬೆರಳು ಎಲ್ಲಿಯೂ ತಡವರಿಸಲಿಲ್ಲ.

"ಎಡಕ್ಕೆ ಹೋಗ್ತದೆ ಮೇಡಂ. ಎಸ್."

ಗೆಳತಿ ಚೀಟಿ ನೋಡಿದಳು. "ಆರ್ ಅದು. ಇನ್ನೊಂದ್ಸಲ ಮಾಡು."

ಹುಡುಗಿ ಇನ್ನೊಮ್ಮೆ ಮಾಡಿದಳು. ಮುಖ ಸಣ್ಣದಾಯಿತು. "ನನ್ನ ತಲೆನೇ ಉಲ್ಟಾ ಮೇಡಂ. ಬ್ರೈಲ್ ಬರೆಯೋವಾಗ ಹಿಂದಿನಿಂದ ಉಲ್ಟಾ ಚುಚ್ತೀವಲ್ಲ, ಅದೇ ಅಭ್ಯಾಸ ಆಗಿ ಎಡ ಬಲ ಹೋಗ್ಬಿಟ್ಟಿದೆ ಅನ್ನಿಸ್ತದೆ. ಈಗ ಒಂದು ಉಪಾಯ ಮಾಡಿದ್ದೀನಿ. ಕೈ ಎಂತ ಹೇಳ್ತದೋ ಅದರ ಉಲ್ಟಾ ಹೇಳೋದು. ಹಾಗೆ ಹೇಳಿದ್ರೆ ಎಲ್ಲಾ ಸರಿ ಬರ್ತದೆ."

"ಎಷ್ಟು ತೊಂದ್ರೆ ತಗೊಳ್ತೀ ಬೇಟಿ" ಎಂದರು ದಾದಿ. "ಬಿ.ಎ.ನಲ್ಲೂ ಒಳ್ಳೊಳ್ಳೆ ಹುಡುಗೀರೇ ಓದ್ತಾರೆ."

"ಹೌದು ದಾದಿ" ಎಂದಳು ಹುಡುಗಿ. ಬಿ.ಎ. ಒಳ್ಳೆಯದೆಂಬ ಮಾತಿಗೆ ಹುಡುಗಿ ಹೌದು ಅಂದದ್ದು ಅದೇ ಮೊದಲು ಎಂದು ಗೆಳತಿ ಆಮೇಲೆ ಹೇಳಿದಳು.

ನಾನು ಚಹಾ ಕುಡಿದು ಬಂದೆ. ಅವಳು ಚಿಕ್ಕ ಗುಂಡನ್ನು ಕೆಳಗೆ ಮಾಡಿ ಹಿಡಿದದ್ದು ಕಣ್ಣಲ್ಲಿ ಉಳಿದಿತ್ತು. ಏಕೆಂದು ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ಅತ್ತೆಗೆ ಊಟಕ್ಕೆ ಅಡ್ಡಣಿಗೆ ಹಾಕುವಾಗ ಕೈ ನಿಂತಿತು. ದೇವರ ಮನೆಗೆ ಒಯ್ದು ಅದರ ಮೂರು ಕಾಲಿಗೆ ಬೇರೆ ಬೇರೆ ಗುರುತು ಹಚ್ಚಿದೆ: ಒಂದಕ್ಕೆ ವಿಭೂತಿ, ಒಂದಕ್ಕೆ ಕುಂಕುಮ, ಒಂದಕ್ಕೆ ಅರಿಸಿನ. ನೆಲದ ಮೇಲಿಟ್ಟು ಮೇಲಿನಿಂದ ನೋಡಿದೆ. ವಿಭೂತಿ, ಕುಂಕುಮ, ಅರಿಸಿನ ಎಡಕ್ಕೆ ಸುತ್ತಿದವು. ಅಡ್ಡಣಿಗೆಯನ್ನು ಬೋರಲು ಹಾಕಿ ಕಾಲುಗಳ ಕಡೆಯಿಂದ ನೋಡಿದೆ. ಅವೇ ಕಾಲುಗಳು ಬಲಕ್ಕೆ ಸುತ್ತಿದವು.

"ಹಸಿವಾಗಿ ಕುಂತೇನಿ, ಈಕಿ ಅಡ್ಡಣಿಗಿಗೆ ಪೂಜಿ ಮಾಡಾಕತ್ತಾಳ" ಎಂದು ಅತ್ತೆ ಹೊರಗಿನಿಂದ ಕೂಗಿದರು.

ಚಿಕ್ಕ ಗುಂಡು ನೋಡುವವರಿಂದ ಆಚೆ ಇರಬೇಕು. ಹುಡುಗಿ ಹಾಗೆಯೇ ಹಿಡಿದಿದ್ದಳು. ನಾನು ಅದನ್ನು ಮೇಲೆ ನಿಲ್ಲಿಸಿ, ಮೇಲಿನಿಂದಲೇ, ಅಂದರೆ ಅದು ನನ್ನ ಕಣ್ಣಿನ ಕಡೆಗೇ ಇರುವಾಗ ನೋಡಿದ್ದೆ. ಅಣುಗಳು ಮೊದಲು ಸರಿಯಾಗಿಯೇ ಇದ್ದವು. ಸರಿ ಇದ್ದ ಹನ್ನೊಂದನ್ನೂ ಕನ್ನಡಿ ಹಿಡಿದು ಉಲ್ಟಾ ಮಾಡಿ ಕಳಿಸಿದವಳು ನಾನು. ಹುಡುಗಿಯ ಕೈ ಸತ್ಯ ಹೇಳುತ್ತಿತ್ತು, ಚೀಟಿ ಸುಳ್ಳು ಹೇಳುತ್ತಿತ್ತು. ಅವಳು ಚೀಟಿಯನ್ನು ನಂಬಿ ಕೈಯನ್ನು ಬಿಟ್ಟಿದ್ದಳು.

ಅತ್ತೆಗೆ ಬಡಿಸಿದೆ. ಯಜಮಾನರು ಊಟಕ್ಕೆ ಬಂದಾಗ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

"ಈಗ ಹುಡುಗಿ ಉಲ್ಟಾ ಹೇಳಾಕ ಕಲ್ತಾಳ ಅಂದಿ. ಅದು ಚೀಟಿಗೆ ಹೊಂದತೈತಿ. ವೈವಾ ಮುಗೀಲಿ, ಆಮ್ಯಾಲ ಹೇಳು. ಈಗ ಹೇಳಿದ್ರ ಆಕಿ ಪೂರ್ತಿ ಗೊಂದಲ ಆಗ್ತಾಳ. ನಿನಗೂ ಮೈಯಾಗ ಚಲೋ ಇಲ್ಲ."

ಅವರ ಮಾತು ನನ್ನ ಮೇಲಿನ ಕಾಳಜಿಯದ್ದು. ಅದರಲ್ಲಿ ಅರ್ಥವೂ ಇತ್ತು. ಪಾತ್ರೆ ತೊಳೆಯುತ್ತಾ ಯೋಚಿಸಿದೆ. ಪರೀಕ್ಷಕರು ಚೀಟಿ ನೋಡಿದರೆ ಹುಡುಗಿ ಪಾಸು, ಅಣು ನೋಡಿದರೆ ಫೇಲು. ಪಾಸಾದರೂ, ತನ್ನ ಕೈ ಸುಳ್ಳು ಹೇಳುತ್ತದೆ ಎಂದು ನಂಬಿಕೊಂಡೇ ಅವಳು ಮುಂದಿನ ಪಾಠಗಳಿಗೆ ಹೋಗಬೇಕು. ಕಣ್ಣು ಹೋದ ಮೇಲೆ ಅವಳಿಗೆ ಉಳಿದಿದ್ದುದು ಆ ಕೈ.

ನನ್ನ ಒಳಗೆ ಏನೂ ಅಲುಗಾಡಲಿಲ್ಲ. ನಾಚಿಕೆ ಬರಬೇಕಿತ್ತು, ಬರಲಿಲ್ಲ. ಅದು ಬರುವ ತನಕ ಕಾಯುವ ಅಗತ್ಯವಿಲ್ಲ ಎನ್ನಿಸಿತು. ಕೈ ಒರೆಸಿಕೊಂಡು ಫೋನ್ ಮಾಡಿದೆ.

ಗೆಳತಿ ಪೂರ್ತಿ ಕೇಳಿಸಿಕೊಂಡಳು.

"ಬೈಯೇ, ಪರವಾಗಿಲ್ಲ" ಎಂದೆ.

"ಯಾರಿಗೆ ಬೈಲಿ? ಅವಳ ಬೆರಳು ನನ್ನ ಕಣ್ಣೆದುರಿಗೇ ಎಡಕ್ಕೆ ಹೋಯ್ತು. ನಾ ಚೀಟಿ ನೋಡಿ ತಪ್ಪು ಅಂದೆ. ಒಂದ್ಸಲ ಕೈಲಿ ಹಿಡಿದು ನೋಡಿದ್ರೆ ನಂಗೇ ಗೊತ್ತಾಗ್ತಿತ್ತಲ್ವೇನೇ." ಆಮೇಲೆ ಕೇಳಿದಳು, "ಈಗ ಎಂತ ಮಾಡೋದು? ಮಷಿನ್ ಮತ್ತೆ ಸಿಗೋದಿಲ್ಲ."

ಅದಕ್ಕೆ ಉತ್ತರ ನನ್ನ ಹತ್ತಿರವಿತ್ತು. ಫೋನ್ ಮಾಡುವ ಮುಂಚೆ ಹಳೆಯ ಕಡತ, ಹೊಸ ಕಡತ ಎರಡನ್ನೂ ತೆರೆದು ಹನ್ನೊಂದನ್ನೂ ಒಂದೊಂದಾಗಿ ಹೋಲಿಸಿದ್ದೆ. ಒಂದನ್ನೂ ಬಿಡದೆ ಉಲ್ಟಾ ಮಾಡಿದ್ದೆ. ಆರ್ ಅನ್ನು ಉಲ್ಟಾ ಮಾಡಿದರೆ ಎಸ್, ಎಸ್ ಉಲ್ಟಾ ಆದರೆ ಆರ್. ಜೋಡಿಗಳಿದ್ದುದರಿಂದ ಹತ್ತು ಮಾದರಿಗಳಲ್ಲಿ ಒಂದೂ ಕೆಟ್ಟಿರಲಿಲ್ಲ, ಒಂಟಿ ಅಲನಿನ್ ಮಾತ್ರ ಕೆಲಸಕ್ಕೆ ಬಾರದು. ಚೀಟಿಗಳನ್ನು ಅದಲು ಬದಲು ಮಾಡಿದರೆ ಸಾಕು. ನಡುವೆ ಬುದ್ಧಿ ಬಂದು ನಾಲ್ಕೈದನ್ನು ಬಿಟ್ಟಿದ್ದರೆ ಒಂದೇ ಜೋಡಿಯಲ್ಲಿ ಎರಡೂ ಆರ್ ಅಥವಾ ಎರಡೂ ಎಸ್ ಆಗಿ ಜೋಡಿಗಳೇ ಮುರಿಯುವ ಅಪಾಯವಿತ್ತು. ಪೂರ್ತಿ ತಪ್ಪು ಮಾಡಿಸಿದ್ದು ಶಿವನ ಉಪಕಾರ.

ಮರುದಿನ ಮತ್ತೆ ಯಲ್ಲಾಪುರ. ಹುಡುಗಿಗೆ ನಾನೇ ಹೇಳಿದೆ. ಅಡ್ಡಣಿಗೆಯನ್ನೂ ಚೀಲದಲ್ಲಿ ಒಯ್ದಿದ್ದೆ. ಅವಳ ಕೈಗೆ ಕೊಟ್ಟು ಎರಡೂ ಕಡೆಯಿಂದ ಮುಟ್ಟಿಸಿದೆ. ಅವಳು ಮೂರು ಕಾಲುಗಳನ್ನೂ ಇನ್ನೊಮ್ಮೆ ಬೆರಳಿನಿಂದ ಸುತ್ತಿದಳು. ಆಮೇಲೆ ಕೇಳಿದಳು:

"ಹಾಗಾದ್ರೆ ಮೊದಲನೇ ದಿನ ನಾ ಹೇಳಿದ್ದು ಸರಿ ಇತ್ತಾ?"

"ಸರಿ ಇತ್ತು."

"ಎಲ್ಲಾ?"

"ಎಲ್ಲಾ" ಎಂದಳು ಗೆಳತಿ.

"ಹತ್ತು ದಿನ ನಾ ನನ್ನ ಕೈಗೆ ಬೈಕೊಂಡೆ." ಸ್ವರ ಏರಿತು. "ನಿಮಗೆ ಕಣ್ಣಿರೋದು ಎಂತಕ್ಕೆ ಆಂಟಿ?"

"ತೌಬಾ! ದೊಡ್ಡವರಿಗೆ ಹಾಗನ್ನೋದಾ?" ಎಂದು ದಾದಿ ಗದರಿದರು.

"ಅನ್ನಲಿ ಬಿಡ್ರಿ. ಖರೇನೇ ಐತಿ" ಎಂದೆ.

ಚೀಟಿ ಬದಲಿಸಲು ಗೆಳತಿ ಕೈ ಚಾಚಿದಳು. ಹುಡುಗಿ ಮಾದರಿಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ನೀವಿಬ್ಬರೂ ಮುಟ್ಟಬೇಡಿ. ನಿಮ್ಮ ಕಣ್ಣಿನ ವಿಷಯ ಗೊತ್ತಾಯ್ತು."

ಹನ್ನೊಂದು ಚೀಟಿಗಳನ್ನೂ ಬಿಚ್ಚಿ ಒಂದು ಬಟ್ಟಲಿಗೆ ಹಾಕಿದಳು. ಮಾದರಿಗಳನ್ನು ಕಲಸಿದಳು. ಒಂದನ್ನು ಎತ್ತಿ, ಚಿಕ್ಕ ಗುಂಡನ್ನು ಕೆಳಗೆ ಹಿಡಿದು, ಬೆರಳು ಸುತ್ತಿಸಿ, ಬಟ್ಟಲಿನಿಂದ ಚೀಟಿ ಹುಡುಕಿ ಕಟ್ಟಿದಳು. ಮೊದಲ ಎರಡಕ್ಕೆ ತಡವಾಯಿತು. ಮೂರನೆಯದಕ್ಕೆ ಬಾಯಲ್ಲಿ "ಆರ್" ಎಂದು ಬಂದು, ಉಲ್ಟಾ ಹೇಳುವ ಹೊಸ ಅಭ್ಯಾಸ ಅದೆಂದು ತಿಳಿದು, ತನ್ನ ತುಟಿಯ ಮೇಲೆ ತಾನೇ ಹೊಡೆದುಕೊಂಡಳು. ಹತ್ತು ಮುಗಿದಾಗ ಗೆಳತಿ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದಳು. ಹತ್ತೂ ಸರಿ.

ಹನ್ನೊಂದನೆಯದನ್ನು ಹುಡುಗಿ ಮೂರು ಸಲ ಮುಟ್ಟಿದಳು. "ಅಲನಿನ್. ಆದ್ರೆ ಇದು ಬಲಕ್ಕೆ ಹೋಗ್ತದೆ."

"ಅದಕ್ಕ ಜೋಡಿ ಇರ್ಲಿಲ್ಲ. ಅದನ್ನ ನಾ ವಾಪಸ್ ಒಯ್ತೀನವ್ವಾ" ಎಂದೆ.

"ಇಂಥ ಅಲನಿನ್ ಎಲ್ಲೂ ಇಲ್ವಾ ಮೇಡಂ?"

"ನಮ್ಮ ಪ್ರೋಟೀನಲ್ಲಿ ಇಲ್ಲ. ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟೋದಕ್ಕೆ ಬಳಸ್ತದೆ" ಎಂದಳು ಗೆಳತಿ.

"ಹಾಗಾದ್ರೆ ಇರ್ಲಿ, ಒಯ್ಯಬೇಡಿ." ದಪ್ಪ ಕಾಗದದ ತುಂಡನ್ನು ಬ್ರೈಲ್ ಬರೆಯುವ ಚೌಕಟ್ಟಿನಲ್ಲಿ ಸಿಕ್ಕಿಸಿ, ಚುಚ್ಚುವ ಮೊಳೆಯಿಂದ ಬಲಗಡೆಯಿಂದ ಎಡಕ್ಕೆ ಚುಚ್ಚುತ್ತಾ ಹೊಸ ಚೀಟಿ ಬರೆದಳು. ಆರ್-ಅಲನಿನ್.

ನಾಲ್ಕು ದಿನದ ನಂತರ ವೈವಾ. ಅದು ನಡೆದ ಸಂಜೆ ಗೆಳತಿ ಫೋನ್ ಮಾಡಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಹುಡುಗಿ ಬಿ.ಎ.ಗೆ ಹೋಗುವುದಿಲ್ಲ ಎಂದಳು. ನನಗೆ ಆಗ ಬಂದದ್ದನ್ನು ಸಂತೋಷ ಎಂದು ಬರೆದರೆ ಸುಳ್ಳಾದೀತು. ಮುಂದಿನ ರೊಟ್ಟಿ ತಟ್ಟಲು ಸ್ವಲ್ಪ ತಡವಾಯಿತು, ಹಂಚಿನ ಮೇಲಿನದು ಸೀದಿತು, ಅಷ್ಟೇ.

ಪರೀಕ್ಷಕರು ಹೊರ ಊರಿನಿಂದ ಬಂದ ಹಿರಿಯರಂತೆ. ಚೀಟಿಗಳನ್ನೆಲ್ಲ ಬಿಚ್ಚಿಸಿ, ಒಂದು ಮಾದರಿಯನ್ನು ಆರಿಸಿ ಹುಡುಗಿಯ ಕೈಗಿಟ್ಟರು. ಅವಳು ಚಿಕ್ಕ ಗುಂಡನ್ನು ಕೆಳಗೆ ಹಿಡಿದು ಬೆರಳು ಸುತ್ತಿಸಿ "ಎಸ್" ಎಂದಳು. ಅವರು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಎಲ್ಲ ಮಕ್ಕಳಿಗೂ ಹೇಳುವಂತೆ, "ಇನ್ನೊಂದು ಸಲ ಸರಿಯಾಗಿ ನೋಡಿ ಹೇಳಮ್ಮ" ಎಂದರು. ಗೆಳತಿ ಬಾಗಿಲ ಬಳಿ ನಿಂತಿದ್ದಳು.

ಹುಡುಗಿ ಮಾದರಿಯನ್ನು ಟೇಬಲ್ ಮೇಲೆ ಇಟ್ಟುಬಿಟ್ಟಳಂತೆ.

"ನೋಡೋಕೆ ಆಗೋದಿಲ್ಲ ಸರ್. ಮುಟ್ಟಿ ಆಯ್ತು. ಎಸ್."